ಜಡಿಮಳೆ ನಾಡಿನಲ್ಲಿ ಪರಿಮಳದ ಬಳ್ಳಿ ಗುಲಾಬಿ

ಮಡಿಕೇರಿಯಲ್ಲಿ ಕೈತೋಟದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಮಡಿಕೇರಿಯಲ್ಲಿ ಸಾಮಾನ್ಯವಾಗಿ ಜುಲೈ ಒಂದೇ ತಿಂಗಳು ಅದನ್ನು ದಾಟಿಬಿಡುತ್ತದೆ. ವರ್ಷದ ಮಳೆ 3,000 ಮಿ.ಮೀ. ಮೀರುತ್ತದೆ. ಹಾಗಿರುವಾಗ ಇಂಗ್ಲೆಂಡಿನವರು ತಮ್ಮ ಪುಸ್ತಕದಲ್ಲಿ 'ಈ ಗುಲಾಬಿ ಮಳೆ ತಡೆಯುತ್ತದೆ' ಅಂತ ಬರೆದರೆ, ಯಾವ ಮಳೆ ಅಂತ ನಾವು ಕೇಳಬೇಕು, ಅಲ್ವಾ? ಅವರದು ಸೋನೆ. ನಮ್ಮದು ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ಒಂದರ ಬೆನ್ನಿಗೆ ಒಂದು ಸುರಿಯುವ ಮಳೆ.

ಇನ್ನೊಂದು ಕಡೆ ಬೆಂಗಳೂರಿನವರ ಸಲಹೆಯೂ ನಮಗೆ ಪೂರ್ತಿ ಹೊಂದುವುದಿಲ್ಲ. ಅಲ್ಲಿ ವರ್ಷವಿಡೀ ಬಿಸಿಲು ಇದೆ. ಎಲೆ ಬೇಗ ಒಣಗುತ್ತದೆ. ನಾವು ಸುಮಾರು 1,150 ಮೀಟರ್ ಎತ್ತರದಲ್ಲಿ ಕೂತಿದ್ದೇವೆ. ಮಂಜು ಇಳಿದರೆ ಹತ್ತು ಗಂಟೆಯಾದರೂ ಏಳುವುದಿಲ್ಲ. ಹಾಗಂತ ಹಿಮ ಬೀಳುವ ಚಳಿಯೂ ನಮ್ಮಲ್ಲಿಲ್ಲ. ಎರಡೂ ಕಡೆಯ ಸಲಹೆ ಅರ್ಧರ್ಧ ಸರಿ. ಯಾವ ಅರ್ಧ ಸರಿ ಅಂತ ಗೊತ್ತಾಗದೆ ಜನ ಗಿಡ ತಂದು, ನೆಟ್ಟು, ಆಗಸ್ಟ್‌ನಲ್ಲಿ ಬೋಳು ಕಡ್ಡಿ ನೋಡಿ 'ನಮ್ಮ ಊರಿಗೆ ಗುಲಾಬಿ ಆಗಲ್ಲ' ಅಂತ ಕೈಬಿಡುತ್ತಾರೆ.

ಗೋಡೆಗೆ, ಚಪ್ಪರಕ್ಕೆ ಹಬ್ಬುವ ಪರಿಮಳದ ಗುಲಾಬಿಯ ಬಗ್ಗೆ ನಾನು ಇವತ್ತು ಹೇಳುವುದು ಮುಖ್ಯವಾಗಿ ಎರಡೇ. ಒಂದು, ಮಳೆಗಾಲದಲ್ಲಿ ಹೂವಿನ ಆಸೆ ಬಿಡಿ. ಗಿಡವನ್ನು ಮಲಗಲು ಬಿಡಿ. ಎರಡು, ಗಿಡ ಆರಿಸುವಾಗ ಹೂವಿನ ಫೋಟೊ ನೋಡಬೇಡಿ, ಅದರ ಅಜ್ಜಿ ಯಾವ ಊರಿನವಳು ಅಂತ ಕೇಳಿ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಕೂತವರಲ್ಲಿ ಕೆಲವರ ಮಕ್ಕಳು ಅಮೆರಿಕದ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಇದ್ದಾರೆ. 'ಅಲ್ಲೂ ಮಳೆ, ಅಲ್ಲೂ ಚಳಿ, ಆದರೆ ಬೀದಿ ತುಂಬಾ ಗುಲಾಬಿ' ಅಂತ ನೋಡಿ ಬಂದವರು ಹೇಳುತ್ತಾರೆ. ನಿಜ. ಪೋರ್ಟ್‌ಲ್ಯಾಂಡ್‌ಗೆ ಗುಲಾಬಿ ನಗರ ಅಂತಲೇ ಹೆಸರು. ಅಲ್ಲಿನ ದೊಡ್ಡ ಗುಲಾಬಿ ಪರೀಕ್ಷಾ ತೋಟ 1917ರಲ್ಲಿ ಶುರುವಾದದ್ದು. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಒಳ್ಳೊಳ್ಳೆ ತಳಿಗಳು ನಾಶವಾಗಬಾರದು ಅನ್ನುವುದೂ ಅದರ ಹಿಂದಿನ ಯೋಚನೆಯಾಗಿತ್ತು. ಆದರೆ ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಆಗ ಗುಲಾಬಿ ಎಲೆ ಉದುರಿಸಿ ಮಲಗಿರುತ್ತದೆ. ಹೂ ಬಿಡುವ ಜೂನ್ ಹೊತ್ತಿಗೆ ಮಳೆ ಕಡಿಮೆಯಾಗುತ್ತದೆ, ಜುಲೈ ಆಗಸ್ಟ್ ಒಣಗಿರುತ್ತದೆ. ನಮ್ಮಲ್ಲಿ ಇದು ತಿರುಗಾ ಮುರುಗಾ. ಮಳೆ ಸುರಿಯುವ ಹೊತ್ತಿಗೆ ಗಿಡಕ್ಕೆ ಬೆಳೆಯುವ ಹುಮ್ಮಸ್ಸು. ಅಲ್ಲಿ ಹವಾಮಾನವೇ ಮಾಡಿಕೊಡುವ ವಿಶ್ರಾಂತಿಯನ್ನು ಇಲ್ಲಿ ನಾವು ಕೈಯಾರೆ ಮಾಡಿಕೊಡಬೇಕು.

ಮಳೆಗೆ ಗುಲಾಬಿ ಯಾಕೆ ಸೋಲುತ್ತದೆ? ಬೇರಿನಲ್ಲಿ ನೀರು ನಿಲ್ಲುವುದು ಒಂದು ಕಾರಣ, ಅದಕ್ಕೆ ಆಮೇಲೆ ಬರುತ್ತೇನೆ. ದೊಡ್ಡ ಕಾರಣ ಎಲೆ. ಕಪ್ಪು ಚುಕ್ಕೆ ರೋಗದ ಶಿಲೀಂಧ್ರದ ಬೀಜಾಣು ಮೊಳೆಯಬೇಕಾದರೆ ಎಲೆಯ ಮೇಲೆ ಸತತವಾಗಿ ಸುಮಾರು ಏಳು ಗಂಟೆ ನೀರಿರಬೇಕು. 18ರಿಂದ 24 ಡಿಗ್ರಿ ಉಷ್ಣಾಂಶ ಅದಕ್ಕೆ ಬಹಳ ಇಷ್ಟ. ಜುಲೈ ತಿಂಗಳ ಮಡಿಕೇರಿ ಅಂದರೆ ಅದೇ ತಾನೇ. ಆಗ ಏಳು ಗಂಟೆ ಏನು, ಏಳು ದಿನ ಎಲೆ ಒಣಗುವುದಿಲ್ಲ. ಮೊದಲು ಕೆಳಗಿನ ಎಲೆಗಳಲ್ಲಿ ಅಂಚು ಹರಿದಂಥ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ, ಆಮೇಲೆ ಉದುರುವುದು. ಇದಕ್ಕೆ ಪ್ರತಿ ವಾರ ಔಷಧಿ ಹೊಡೆಯುವವರಿದ್ದಾರೆ. ಹೊಡೆದ ಒಂದು ಗಂಟೆಗೆ ಮಳೆ ಬಂದು ತೊಳೆದುಕೊಂಡು ಹೋಗುತ್ತದೆ. ದುಡ್ಡು ಹೋಯಿತು, ಔಷಧಿ ತೋಡಿಗೆ ಹೋಯಿತು, ರೋಗ ಅಲ್ಲೇ ಇದೆ.

ಹೂವಿನ ಕಥೆ ಇನ್ನೊಂದು. ತುಂಬಾ ಎಸಳಿರುವ, ಎಸಳು ತೆಳ್ಳಗಿರುವ ಗುಲಾಬಿಯ ಮೊಗ್ಗು ನೆನೆಯುತ್ತದೆ. ಆಮೇಲೆ ಸ್ವಲ್ಪ ಬಿಸಿಲು ಬಂದರೆ ಹೊರಗಿನ ಎಸಳುಗಳು ಒಂದಕ್ಕೊಂದು ಅಂಟಿ ಒಣಗುತ್ತವೆ. ಮೊಗ್ಗು ಬಿರಿಯುವುದೇ ಇಲ್ಲ. ಒಳಗೇ ಕಂದು ಬಣ್ಣಕ್ಕೆ ತಿರುಗಿ ಬೂಷ್ಟು ಹಿಡಿಯುತ್ತದೆ. ಆ ಮೊಗ್ಗನ್ನು ಬಿಡಿಸಿ ಉಳಿಸಲು ಹೋಗಬೇಡಿ. ಕಿತ್ತು ಬಿಸಾಡಿ.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಬ್ಬರ ಇಲ್ಲ, ಕತ್ತರಿ ಇಲ್ಲ, ಔಷಧಿ ಇಲ್ಲ. ಎಲೆ ಉದುರುತ್ತಾ? ಉದುರಲಿ. ಮಳೆಯಲ್ಲಿ ಯೂರಿಯಾ ಹಾಕಿದರೆ ಅರ್ಧ ಕೊಚ್ಚಿ ಹೋಗುತ್ತದೆ, ಇನ್ನರ್ಧ ಎಳೆ ಚಿಗುರಾಗಿ ರೋಗಕ್ಕೆ ಊಟವಾಗುತ್ತದೆ. ಬಿದ್ದ ಎಲೆ ಮಾತ್ರ ವಾರಕ್ಕೊಮ್ಮೆ ಹೆಕ್ಕಿ ತೆಗೆಯಿರಿ, ಮುಂದಿನ ಸೋಂಕು ಬರುವುದು ಅದರಿಂದ. ಹೆಕ್ಕಲು ಹೋಗುವಾಗ ಜಿಗಣೆ ಹತ್ತುತ್ತದೆ ಅನ್ನುವುದು ನನಗೂ ಗೊತ್ತು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಹಾಗಾದರೆ ಹೂ ಯಾವಾಗ? ನಮಗೆ ಎರಡು ಕಿಂಡಿ ಇವೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಂದು. ಕಾಫಿಗೆ ಹೂಮಳೆ ಬಿದ್ದ ಮೇಲೆ ಏಪ್ರಿಲ್, ಮೇ ಮೊದಲ ಭಾಗ ಇನ್ನೊಂದು. ರಾಜಾಸೀಟ್ ಉದ್ಯಾನದಲ್ಲಿ ಫಲಪುಷ್ಪ ಪ್ರದರ್ಶನವನ್ನು ಚಳಿಗಾಲದಲ್ಲಿ ಇಡುವುದು ಸುಮ್ನೆ ಅಲ್ಲ. ನಮ್ಮ ಊರಿನಲ್ಲಿ ಹೂವಿಗೆ ಒಳ್ಳೆಯ ಕಾಲ ಅದೇ.

ಇನ್ನು ಎರಡನೆಯ ಮಾತು, ಅಜ್ಜಿಯ ವಿಚಾರ. ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಯುರೋಪಿನ ಹಳೆಯ ಹಬ್ಬು ಗುಲಾಬಿಗಳಲ್ಲಿ ಬಹಳಷ್ಟಕ್ಕೆ ಚಳಿಯ ನಿದ್ದೆ ಬೇಕು. ಹಿಮದಲ್ಲಿ ಕೆಲವು ವಾರ ಇದ್ದು ಎದ್ದರೆ ಮಾತ್ರ ಅವು ಮೈತುಂಬಾ ಹೂ ಬಿಡುತ್ತವೆ, ಅದೂ ವರ್ಷಕ್ಕೆ ಒಂದೇ ಸಲ. ನಮ್ಮಲ್ಲಿ ನೆಟ್ಟರೆ ಎಲೆ, ಬಳ್ಳಿ, ಮುಳ್ಳು ಎಲ್ಲಾ ಬರುತ್ತದೆ, ಹೂ ಮಾತ್ರ ಬರುವುದಿಲ್ಲ. ಗೊಬ್ಬರ ಕಡಿಮೆಯಾಯಿತು ಅಂತ ಜನ ಇನ್ನೂ ಸುರಿಯುತ್ತಾರೆ. ಗೊಬ್ಬರದ ಸಮಸ್ಯೆಯೇ ಅಲ್ಲ ಅದು.

ಮಣಿಪುರದ ಬೆಟ್ಟಗಳಲ್ಲಿ, ಅಲ್ಲಿಂದ ಮುಂದೆ ಬರ್ಮಾ, ಚೀನಾದ ಯುನ್ನಾನ್‌ವರೆಗೆ ಒಂದು ಕಾಡು ಗುಲಾಬಿ ಇದೆ. ರೋಸಾ ಜೈಗಾಂಟಿಯಾ ಅಂತ. ಹೆಸರಿಗೆ ತಕ್ಕ ಹಾಗೆ ಮರದ ತುದಿಯವರೆಗೆ ಏರುತ್ತದೆ. ಅಂಗೈ ಅಗಲದ ಕೆನೆ ಬಣ್ಣದ ಹೂ. 1880ರ ದಶಕದಲ್ಲಿ ಸರ್ ಜಾರ್ಜ್ ವಾಟ್ ಅದನ್ನು ಮಣಿಪುರದಲ್ಲಿ, ಸರ್ ಹೆನ್ರಿ ಕಾಲೆಟ್ ಬರ್ಮಾದ ಶಾನ್ ಬೆಟ್ಟಗಳಲ್ಲಿ ಕಂಡು ದಾಖಲಿಸಿದರು. ಅದಕ್ಕೂ ಬಹಳ ಮೊದಲೇ ಚೀನಾದ ತೋಟಗಾರರು ಅದರ ರಕ್ತ ಇರುವ ಗುಲಾಬಿಗಳನ್ನು ಬೆಳೆಸಿದ್ದರು. ಟೀ ಗುಲಾಬಿ ಅಂತ ಯುರೋಪಿಗೆ ಹೋದದ್ದು ಅವೇ. ಮುಂಗಾರು ಮಳೆಯ ಬೆಟ್ಟದಲ್ಲಿ ಹುಟ್ಟಿದ ವಂಶ ಇದು. ಹಿಮದ ನಿದ್ದೆ ಕೇಳುವುದಿಲ್ಲ. ಎಲೆ ದಪ್ಪ, ಹೊಳಪು ಜಾಸ್ತಿ, ನೀರು ಜಾರಿ ಹೋಗುತ್ತದೆ.

ಟೀ ಗುಲಾಬಿ ಯುರೋಪಿಗೆ ಹೋದ ಆಸುಪಾಸಿನಲ್ಲೇ ಅಮೆರಿಕದ ದಕ್ಷಿಣದಲ್ಲಿ, ಚಾರ್ಲ್ಸ್‌ಟನ್ ಅನ್ನುವ ಊರಿನಲ್ಲಿ ಇನ್ನೊಂದು ಕಥೆ ನಡೆಯಿತು. 1800ರ ಆಸುಪಾಸಿನಲ್ಲಿ ಜಾನ್ ಚಾಂಪ್ನಿ ಅನ್ನುವ ಭತ್ತದ ಬೆಳೆಗಾರ ಇದ್ದ. ಅವನ ತೋಟದಲ್ಲಿ ಚೀನಾದ ಗುಲಾಬಿಗೂ ಮಸ್ಕ್ ಗುಲಾಬಿಗೂ ಸಂಬಂಧ ಕೂಡಿ ಒಂದು ಹಬ್ಬು ಗಿಡ ಹುಟ್ಟಿತು. ಅಕ್ಕಪಕ್ಕದಲ್ಲಿದ್ದ ಫಿಲಿಪ್ ನ್ವಾಸೆಟ್ ಅನ್ನುವವನು ಅದರ ಸಸಿಗಳನ್ನು ಪ್ಯಾರಿಸ್‌ನಲ್ಲಿದ್ದ ಸಹೋದರನಿಗೆ ಕಳಿಸಿದ. ಆ ಕುಟುಂಬದ ಹೆಸರೇ ಇಡೀ ಗುಂಪಿಗೆ ಉಳಿಯಿತು, ನ್ವಾಸೆಟ್ ಗುಲಾಬಿಗಳು ಅಂತ. ಭತ್ತ ಬೆಳೆಯುವ ಊರು ಅಂದರೆ ಎಂಥ ತೇವದ ಊರು ಅಂತ ನಿಮಗೆ ಹೇಳಬೇಕಾಗಿಲ್ಲ. ಫ್ರಾನ್ಸಿನವರು ಆಮೇಲೆ ನ್ವಾಸೆಟ್ಟಿಗೆ ಟೀ ಗುಲಾಬಿಯನ್ನು ಸೇರಿಸಿದರು. ಆ ಸಂತಾನದಲ್ಲೇ ನಮಗೆ ಬೇಕಾದ್ದು ಇದೆ. ಹಬ್ಬುತ್ತದೆ, ಮತ್ತೆ ಮತ್ತೆ ಹೂ ಬಿಡುತ್ತದೆ, ಪರಿಮಳ ಇದೆ, ಹಿಮ ಬೇಡ.

ಒಂದೇ ಗಿಡ ನೆಡುವ ಜಾಗ ಇದ್ದರೆ ಯಾವುದು ಅಂತ ಕೇಳಿದರೆ ನನ್ನ ಉತ್ತರ ಮದಾಂ ಆಲ್ಫ್ರೆಡ್ ಕಾರಿಯೇರ್. 1879ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಬಂದ ತಳಿ. ಬಿಳಿ ಹೂ, ಒಳಗೆ ತೆಳು ಗುಲಾಬಿ ಛಾಯೆ. ಎಸಳು ಸಡಿಲ, ಮೊಗ್ಗು ಗಟ್ಟಿ ಉಂಡೆಯಾಗುವುದಿಲ್ಲ, ಹಾಗಾಗಿ ತುಂತುರಿನಲ್ಲೂ ಬಿರಿಯುತ್ತದೆ. ಮುಳ್ಳು ಕಡಿಮೆ. ಬಿಸಿಲು ಕಡಿಮೆ ಬೀಳುವ ಗೋಡೆಗೂ ಒಗ್ಗುತ್ತದೆ, ನಮ್ಮಂಥ ಮಂಜಿನ ಊರಿಗೆ ಅದು ದೊಡ್ಡ ಗುಣ. ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್ ತೋಟದಲ್ಲಿ ಲೇಖಕಿ ವೀಟಾ ಸ್ಯಾಕ್‌ವಿಲ್ ವೆಸ್ಟ್ 1930ರಲ್ಲಿ ಮೊದಲು ನೆಟ್ಟ ಗುಲಾಬಿ ಇದೇ. ಜಾಗದ ಪತ್ರಕ್ಕೆ ಸಹಿ ಬೀಳುವ ಮೊದಲೇ ನೆಟ್ಟರಂತೆ. ಗುಲಾಬಿಯ ಹುಚ್ಚು ಇರುವವರು ಎಲ್ಲಾ ಕಡೆ ಒಂದೇ ಥರ.

ಹಳದಿ ಬೇಕು ಅನ್ನುವವರ ಬಾಯಲ್ಲಿ ಯಾವಾಗಲೂ ಬರುವ ಹೆಸರು ಮಾರೆಶಾಲ್ ನೀಲ್, 1864ರದ್ದು. ಪರಿಮಳದಲ್ಲಿ ಅದನ್ನು ಮೀರಿಸುವ ಹಳದಿ ಹಬ್ಬು ಗುಲಾಬಿ ನನಗೆ ಕಂಡಿಲ್ಲ. ಹೂವಿನ ಕತ್ತು ಮೆದು, ಬಾಗಿ ನೇತಾಡುತ್ತದೆ. ಚಪ್ಪರದ ಮೇಲೆ ಹಬ್ಬಿಸಿದರೆ ಹೂ ಕೆಳಗೆ ನಿಂತವರನ್ನು ನೋಡುತ್ತದೆ, ಅದು ಚೆಂದ. ಆದರೆ ಮೊಗ್ಗು ಮಳೆಗೆ ಬಹಳ ಬೇಗ ಕೆಡುತ್ತದೆ. ಯುರೋಪಿನಲ್ಲಿ ಗಾಜಿನ ಮನೆಯೊಳಗೆ ಬೆಳೆಸುತ್ತಿದ್ದರು ಅಂದರೆ ಅದರ ನಾಜೂಕು ಎಷ್ಟು ಅಂತ ಊಹಿಸಿ. ಸೂರಿನ ಕೆಳಗೆ ಜಾಗ ಇದ್ದು, ಡಿಸೆಂಬರ್ ಹೂವಿಗೆ ಮಾತ್ರ ಕಾಯುವ ತಾಳ್ಮೆ ಇದ್ದರೆ ನೆಡಿ. ಲಮಾರ್ಕ್ ಅನ್ನುವ ಬಿಳಿ ಗುಲಾಬಿ, 1830ರದ್ದು, ನಿಂಬೆಯ ನೆನಪು ತರುವ ವಾಸನೆ, ಅದೂ ಇದೇ ಮನೆತನ. ಗ್ಲುವಾರ್ ದ ದಿಜೋನ್, 1853ರದ್ದು, ಪರಿಮಳ ಬಹಳ ಚೆನ್ನ, ಆದರೆ ಎಸಳು ತುಂಬಾ. ಒಣ ಕಿಂಡಿಯಲ್ಲಿ ಮಾತ್ರ ನಂಬಬಹುದು.

ಜೆಫಿರೀನ್ ದ್ರುಹಾನ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಮುಳ್ಳಿಲ್ಲ, ಗಾಢ ಗುಲಾಬಿ ಬಣ್ಣ, ಒಳ್ಳೆಯ ಪರಿಮಳ. ಎಲ್ಲಾ ಸರಿ. ಆದರೆ ಕಪ್ಪು ಚುಕ್ಕೆ, ಬೂದಿ ರೋಗ ಎರಡಕ್ಕೂ ಬಾಗಿಲು ತೆಗೆದಿಟ್ಟ ತಳಿ ಅದು. ಕುಶಾಲನಗರದ ಕಡೆ, ಮಳೆ ಕಡಿಮೆ ಇರುವಲ್ಲಿ ನೋಡಬಹುದು. ಇಲ್ಲಿ ಬೇಡ. ನ್ಯೂ ಡಾನ್ ಅಂತ ಇನ್ನೊಂದು, 1930ರದ್ದು, ಜಗತ್ತಿನಲ್ಲೇ ಮೊದಲ ಸಸ್ಯ ಪೇಟೆಂಟ್ ಪಡೆದ ಗಿಡ. ರೋಗ ತಡೆಯುವುದರಲ್ಲಿ ಗಟ್ಟಿಗ. ಪರಿಮಳ ಮಾತ್ರ ಸಾಧಾರಣ. ಪರಿಮಳವೇ ಮುಖ್ಯ ಅಂತ ಬಂದವರಿಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮ ದೇಶದಲ್ಲೇ ಈ ದಾರಿಯಲ್ಲಿ ದುಡಿದವರ ಬಗ್ಗೆ ಹೇಳದೆ ಮುಂದೆ ಹೋಗಬಾರದು. ಕೊಡೈಕೆನಾಲಿನಲ್ಲಿ ವೀರು ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿ. ವೀರು ಅವರು ಮೊದಲು ಐಎಎಸ್ ಅಧಿಕಾರಿಯಾಗಿದ್ದವರು. ಯುರೋಪಿನವರು ಚಳಿ ತಡೆಯುವ ಗುಲಾಬಿ ಮಾಡಿದರು, ನಮಗೆ ಬೇಕಾದ್ದು ಸೆಖೆ, ತೇವ ತಡೆಯುವ ಗುಲಾಬಿ ಅಂತ ಇಬ್ಬರೂ ಹೊರಟರು. ಮಣಿಪುರದ ಜೈಗಾಂಟಿಯಾವನ್ನು ತಂದು ಅದರಿಂದ ಹೊಸ ತಳಿಗಳನ್ನು ಮಾಡಿದರು. ಒಂದಕ್ಕೆ ಸರ್ ಜಾರ್ಜ್ ವಾಟ್ ಅಂತಲೇ ಹೆಸರಿಟ್ಟಿದ್ದಾರೆ. ಇನ್ನೊಂದಕ್ಕೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರ ಹೆಸರು. ಅವರು ಬಳಸಿದ ಇನ್ನೊಂದು ಕಾಡು ಗುಲಾಬಿ ರೋಸಾ ಕ್ಲೈನೋಫಿಲ್ಲಾ. ಬಂಗಾಳ, ಬಿಹಾರದ ಹೊಳೆದಂಡೆಗಳಲ್ಲಿ ಇರುವ ಬಿಳಿ ಹೂವಿನ ಗಿಡ. ನೆರೆಯ ನೀರಲ್ಲಿ ಮುಳುಗಿ ಎದ್ದರೂ ಬದುಕುತ್ತದೆ. ಗುಲಾಬಿಗೆ ನೀರು ಆಗಲ್ಲ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಪರಿಮಳದ ವಿಚಾರಕ್ಕೆ ಬರೋಣ. ಅಂಗಡಿಯಲ್ಲಿ ಸೆಲ್ಲೋಫೇನ್ ಸುತ್ತಿ ಕೊಡುವ ಉದ್ದ ಕಡ್ಡಿಯ ಗುಲಾಬಿಗೆ ಯಾಕೆ ವಾಸನೆ ಇಲ್ಲ ಅಂತ ಎಲ್ಲರೂ ಕೇಳುತ್ತಾರೆ. ತಳಿ ಮಾಡುವವರು ಹೂದಾನಿಯಲ್ಲಿ ಬಾಳುವುದನ್ನು, ಲಾರಿಯಲ್ಲಿ ನಲುಗದೆ ಹೋಗುವುದನ್ನು ನೋಡಿ ಆರಿಸಿದರು. ಪರಿಮಳ ದಾರಿಯಲ್ಲಿ ಬಿದ್ದುಹೋಯಿತು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳ ತಂಡ ಇದರ ಒಂದು ಎಳೆ ಹಿಡಿಯಿತು. ಪಾಪಾ ಮೆಯ್ಯಾಂ ಅನ್ನುವ ಪರಿಮಳದ ಗುಲಾಬಿಯನ್ನೂ, ವಾಸನೆ ಇಲ್ಲದ ರೂಜ್ ಮೆಯ್ಯಾಂ ಅನ್ನುವುದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ಕಿಣ್ವ ಮೊದಲನೆಯದರ ಎಸಳಿನಲ್ಲಿ ಜೋರಾಗಿ ಕೆಲಸ ಮಾಡುತ್ತಿತ್ತು, ಎರಡನೆಯದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ನಮಗೆ ಕೆಲಸಕ್ಕೆ ಬರುವ ಸಂಗತಿ ಇದು. ಗುಲಾಬಿಯ ವಾಸನೆ ಎರಡು ಕಡೆಯಿಂದ ಬರುತ್ತದೆ. ಸಾಮಾನ್ಯವಾಗಿ ಎಸಳಿನಿಂದ. ಅಂಥ ಹೂವಿಗೆ ಮೂಗು ಹತ್ತಿರ ಒಯ್ಯಬೇಕು. ಮಸ್ಕ್ ಗುಲಾಬಿಯ ವಂಶದಲ್ಲಿ ಕೇಸರದಿಂದಲೂ ಬರುತ್ತದೆ. ಆ ವಾಸನೆ ಗಾಳಿಯಲ್ಲಿ ದೂರ ಹೋಗುತ್ತದೆ. ಹಿಮಾಲಯದ ತಪ್ಪಲಿನಲ್ಲಿ ರೋಸಾ ಬ್ರೂನೋನಿಯೈ ಅನ್ನುವ ಕಾಡು ಬಳ್ಳಿ ಗುಲಾಬಿ ಇದೆ. ಅದು ಬಿಳಿ ಗೊಂಚಲು ಬಿಟ್ಟರೆ ಗಿಡ ಕಾಣುವ ಮೊದಲೇ ಪರಿಮಳ ಸಿಗುತ್ತದೆ. ಬಳ್ಳಿಯನ್ನು ಎತ್ತರಕ್ಕೆ ಹಬ್ಬಿಸುವವರಿಗೆ ಈ ಗುಣ ಬೇಕು. ಮಹಡಿಯ ಮೇಲೆ ಬಿರಿದ ಹೂವಿಗೆ ಮೂಗು ಇಡಲು ಏಣಿ ಹಾಕುತ್ತೀರಾ?

ಇದರಲ್ಲಿ ನಮ್ಮ ಹವೆ ನಮಗೆ ಉಪಕಾರಿ. ಬಯಲುಸೀಮೆಯ ಒಣ ಬಿಸಿಲಿನಲ್ಲಿ ಪರಿಮಳದ ಎಣ್ಣೆ ಬೆಳಿಗ್ಗೆಯೇ ಹಾರಿ ಮುಗಿಯುತ್ತದೆ. ಕೊರೆಯುವ ಚಳಿಯಲ್ಲಿ ಅದು ಹಾರುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಮಂಜು ಎದ್ದು, ಗಾಳಿ ಇಲ್ಲದೆ, ಎಳೆ ಬಿಸಿಲು ಬಿದ್ದ ಹೊತ್ತು, ಸುಮಾರು ಒಂಬತ್ತು ಹತ್ತು ಗಂಟೆ, ಅದೇ ಒಳ್ಳೆಯ ಸಮಯ. ಮನೆಗೆ ನೆಂಟರನ್ನು ಕರೆಯುವುದಾದರೆ ಆಗ ಕರೆಯಿರಿ.

ಜಾಗ. ಮೂಡಣ ಬಿಸಿಲು ಬೀಳಬೇಕು, ಎಲೆ ಬೇಗ ಒಣಗಲಿ ಅಂತ. ಸಿಲ್ವರ್ ಓಕ್ ಮರದ ಬುಡ ಬೇಡ, ಬೇರಿನ ಪೈಪೋಟಿಯಲ್ಲಿ ಗುಲಾಬಿ ಗೆಲ್ಲುವುದಿಲ್ಲ. ಹೆಂಚಿನ ಮನೆಯ ಗೋಡೆಗೆ ಹಬ್ಬಿಸುವವರು ಒಂದು ವಿಷಯ ನೋಡಿ: ಸೂರಿನ ನೀರು ಎಲ್ಲಿ ಧುಮುಕುತ್ತದೆ? ಆ ಗೆರೆಯ ಮೇಲೆ ಗಿಡ ನೆಟ್ಟರೆ ಜೂನ್‌ನಲ್ಲೇ ಬುಡ ಬರಿದಾಗುತ್ತದೆ. ಗೆರೆಯ ಹೊರಗೆ ನೆಟ್ಟು ಬಳ್ಳಿಯನ್ನು ಒಳಗೆ ಸೂರಿನಡಿಗೆ ಬಾಗಿಸಿ. ಬೇರು ಹೊರಗೆ, ಹೂ ಸೂರಿನ ಕೆಳಗೆ.

ಬರೆಯ, ಅಂದರೆ ಕಡಿದಾದ ಇಳಿಜಾರಿನ, ಅಂಚಿನಲ್ಲಿ ಗುಂಡಿ ತೋಡಬೇಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಇಂಗುವ ಗುಂಡಿಯನ್ನು ಇಳಿಜಾರಿನ ತಲೆಯ ಮೇಲೆ ಯಾರೂ ಮಾಡಬಾರದು, ಒಂದು ಗುಲಾಬಿಗಂತೂ ಬೇಡವೇ ಬೇಡ. ಸಮತಟ್ಟು ಜಾಗದಲ್ಲೂ ಗುಂಡಿಗಿಂತ ದಿಬ್ಬ ಒಳ್ಳೆಯದು. ಎರಡಡಿ ಅಗಲದ ಮಣ್ಣನ್ನು ಸಡಿಲ ಮಾಡಿ, ಕಳಿತ ಕೊಟ್ಟಿಗೆ ಗೊಬ್ಬರ, ಕಳಿತ ಕಾಫಿ ಸಿಪ್ಪೆ ಸೇರಿಸಿ, ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರ ಮಾಡಿ ನೆಡಿ. ಕಸಿ ಗಂಟು ಮಣ್ಣಿನ ಮೇಲೆ ಎರಡು ಇಂಚು ಇರಲಿ. ಇಂಗ್ಲಿಷ್ ಪುಸ್ತಕದಲ್ಲಿ ಗಂಟನ್ನು ಹೂಳಿ ಅಂತ ಇರುತ್ತದೆ, ಅದು ಹಿಮದಿಂದ ಕಾಪಾಡಲು. ಇಲ್ಲಿ ಹೂಳಿದರೆ ಕೊಳೆಯುತ್ತದೆ. ಗಂಟಿನ ಕೆಳಗಿಂದ ಬರುವ ಚಿಗುರು ಕಾಡು ಗಿಡದ್ದು, ಕತ್ತರಿಸಬೇಡಿ, ಬುಡದಿಂದ ಕಿತ್ತುಬಿಡಿ.

ನಮ್ಮ ಮಣ್ಣು ಹುಳಿ, ಮಳೆ ಸುಣ್ಣದ ಅಂಶವನ್ನು ತೊಳೆಯುತ್ತಲೇ ಇರುತ್ತದೆ. ಕಾಫಿಗೆ ಸುಣ್ಣ ಹಾಕುವ ನಿಮಗೆ ಇದು ಹೊಸದಲ್ಲ. ಗುಲಾಬಿಗೆ ಪಿಎಚ್, ಅಂದರೆ ಮಣ್ಣಿನ ಹುಳಿಯ ಅಳತೆ, 6ರಿಂದ 6.5 ಸಾಕು. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ. ಒಲೆಯ ಬೂದಿ ಇದ್ದರೆ ಮಳೆ ಮುಗಿದ ಮೇಲೆ ಒಂದೆರಡು ಮುಷ್ಟಿ, ಪೊಟ್ಯಾಶ್ ಕೂಡ ಸಿಗುತ್ತದೆ.

ಈಗ ಹಬ್ಬಿಸುವುದು. ಕರಿಮೆಣಸಿನ ಬಳ್ಳಿ ಗಂಟಿನಲ್ಲಿ ಬೇರು ಬಿಟ್ಟು ಮರ ಹಿಡಿಯುತ್ತದೆ. ಗುಲಾಬಿಗೆ ಆ ಬೇರೂ ಇಲ್ಲ, ಕುಡಿಬಳ್ಳಿಯೂ ಇಲ್ಲ. ಕಾಡಿನಲ್ಲಿ ಕೊಕ್ಕೆ ಮುಳ್ಳನ್ನು ಸಿಕ್ಕಿಸಿಕೊಂಡು ಏರುತ್ತದೆ ಅಷ್ಟೇ. ನಮ್ಮ ಗೋಡೆಯಲ್ಲಿ ನಾವೇ ಕಟ್ಟಬೇಕು. ಮುಖ್ಯವಾದ ಗುಟ್ಟು ಇಲ್ಲಿದೆ. ಬಳ್ಳಿಯನ್ನು ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯ ಚಿಗುರು ಕೆಳಗಿನ ಕಣ್ಣುಗಳನ್ನೆಲ್ಲ, ಅಂದರೆ ಚಿಗುರೊಡೆಯುವ ಗಂಟುಗಳನ್ನೆಲ್ಲ, ತಡೆದು ನಿಲ್ಲಿಸುತ್ತದೆ. ಹೂ ಛಾವಣಿಯ ಮೇಲೆ, ನಿಮಗೆ ಕಾಣುವುದು ಬೋಳು ಕಾಲು. ಅದೇ ಬಳ್ಳಿಯನ್ನು ಎಳೆಯದಾಗಿದ್ದಾಗ ಅಡ್ಡಕ್ಕೆ ಬಾಗಿಸಿ ಕಟ್ಟಿ. ಆ ತಡೆ ಹೋಗುತ್ತದೆ, ಪ್ರತಿ ಕಣ್ಣಿನಿಂದಲೂ ಪಕ್ಕದ ಕವಲು ಬರುತ್ತದೆ, ಪ್ರತಿ ಕವಲಿನ ತುದಿಗೂ ಹೂ. ಹೂ ಜಾಸ್ತಿ ಬೇಕು ಅನ್ನುವವರಿಗೆ ಗೊಬ್ಬರಕ್ಕಿಂತ ಇದು ದೊಡ್ಡ ಮದ್ದು, ಖರ್ಚೂ ಇಲ್ಲ.

ಬಳ್ಳಿಗೂ ಗೋಡೆಗೂ ನಡುವೆ ನಾಲ್ಕು ಇಂಚು ಗಾಳಿಯಾಡಲಿ. ಕಟ್ಟಲು ಬಾಳೆನಾರು ಚೆನ್ನ. ಒಂದು ಮಳೆಗಾಲಕ್ಕೆ ಕೊಳೆತು ಹೋಗುತ್ತದೆ, ಬಳ್ಳಿಯ ಕತ್ತು ಬಿಗಿಯುವುದಿಲ್ಲ. ಪ್ಲಾಸ್ಟಿಕ್ ದಾರ ಬೇಡ. ಚಪ್ಪರಕ್ಕೆ ಅಡಿಕೆ ದಬ್ಬೆ ಹಾಕಿದರೆ ಕೆಲವೇ ವರ್ಷಕ್ಕೆ ಕುಂಬಾಗುತ್ತದೆ. ನೆನೆದ ಬಳ್ಳಿಯ ಭಾರ, ಅದರ ಮೇಲೆ ಜುಲೈ ಗಾಳಿ. ಕಲ್ಲುಕಂಬ ಅಥವಾ ಕಬ್ಬಿಣದ ಪೈಪ್ ಹಾಕಿ ಒಂದೇ ಸಲ ಮುಗಿಸಿ.

ಕತ್ತರಿ ಹಿಡಿಯುವುದು ಚಿತ್ತ ಮಳೆಯ ಹೊತ್ತಿಗೆ, ಅಕ್ಟೋಬರ್ ನಡುವೆ. ಆಕಾಶ ಸ್ವಲ್ಪ ತಿಳಿಯಾಗಿದೆ ಅಂತ ನೋಡಿಕೊಳ್ಳಿ. ಒಣಗಿದ್ದು, ಕಪ್ಪಾದದ್ದು ಮೊದಲು ತೆಗೆಯಿರಿ. ಹಳೆಯ ದಪ್ಪ ಬಳ್ಳಿ ಒಂದೋ ಎರಡೋ ಬುಡದಿಂದ. ಉಳಿದ ಮುಖ್ಯ ಬಳ್ಳಿಗಳನ್ನು ಮುಟ್ಟಬೇಡಿ, ಅವುಗಳ ಪಕ್ಕದ ಕವಲುಗಳನ್ನು ಎರಡು ಮೂರು ಕಣ್ಣಿಗೆ ಮೊಟಕು ಮಾಡಿ. ಕಾಂಡದ ಮೇಲೆ ಹಿಡಿದ ಪಾಚಿಯನ್ನು ಹಳೆಯ ಬ್ರಷ್‌ನಿಂದ ಉಜ್ಜಿ. ಉಳಿದ ಚುಕ್ಕೆ ಎಲೆಗಳನ್ನು ಕೈಯಿಂದ ಕಿತ್ತು ಸುಟ್ಟುಬಿಡಿ. ಈ ಬೋಳು ಕಾಂಡಕ್ಕೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಯಿರಿ. ಮೆಣಸಿಗೆ, ಅಡಿಕೆಗೆ ಹೊಡೆಯುವುದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಆ ಪ್ರಮಾಣದಲ್ಲಿ ನಿಮಗೆ ಬೇಕಾದಷ್ಟು. ಆದರೆ ಎಳೆ ಎಲೆ ಬಂದ ಮೇಲೆ ಬೋರ್ಡೋ ಬೇಡ. ಚಳಿ, ತೇವ ಇರುವಾಗ ಮೈಲುತುತ್ತದ ತಾಮ್ರ ಗುಲಾಬಿ ಎಲೆಯನ್ನು ಸುಡುತ್ತದೆ.

ಕತ್ತರಿಸಿದ ವಾರಕ್ಕೆ ಗೊಬ್ಬರ, ಬೇವಿನ ಹಿಂಡಿ, ಮೇಲೆ ತರಗೆಲೆ ಹೊದಿಕೆ. ಆರೇಳು ವಾರಕ್ಕೆ ಹೂ, ಚಳಿ ಜಾಸ್ತಿ ಇದ್ದರೆ ಎಂಟು. ಚಳಿಗಾಲದಲ್ಲಿ ಬೂದಿ ರೋಗ ಬರುತ್ತದೆ. ಅದಕ್ಕೆ ಎಲೆಯ ಮೇಲೆ ನೀರು ಬೇಕಿಲ್ಲ, ರಾತ್ರಿಯ ತೇವ, ಹಗಲಿನ ಒಣಹವೆ ಸಾಕು. ಎಳೆ ಚಿಗುರು ಹಿಟ್ಟು ಚೆಲ್ಲಿದಂತೆ ಕಂಡರೆ ಬೆಳಿಗ್ಗೆ ನೀರಿನಿಂದ ತೊಳೆಯಿರಿ, ಆಮೇಲೂ ಬಂದರೆ ನೀರಲ್ಲಿ ಕರಗುವ ಗಂಧಕ. ಮಾರ್ಚ್‌ನಲ್ಲಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ. ಮೊದಲ ಮಳೆಗೆ ರಾತ್ರಿ ಬಂದು ಎಲೆ ತಿನ್ನುವ ದುಂಬಿ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಆಫ್ರಿಕಾದ ಬಸವನಹುಳದ ಕಾಟವೂ ಇದೆ. ಅದನ್ನು ಕೈಯಲ್ಲಿ ಹೆಕ್ಕುವುದೇ ದಾರಿ, ಗ್ಲೌಸ್ ಹಾಕಿಕೊಳ್ಳಿ.

ನನ್ನ ಮಾತು ಇಷ್ಟು. ಆಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಬರೆಯುತ್ತೇನೆ.

ಪನ್ನೀರು ಗುಲಾಬಿಯನ್ನೇ ಹಬ್ಬಿಸಬಹುದಲ್ಲ ಅಂತ ಒಬ್ಬ ಅಕ್ಕ ಕೇಳಿದರು. ನಮ್ಮ ಕಡೆ ಪನ್ನೀರು ಅಂತ ಕರೆಯುವ ಗಿಡ ಬಹಳ ಸಲ ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಿಂದ ಬಂದದ್ದು. ಅದು ಹಬ್ಬು ಗಿಡ ಅಲ್ಲ, ಉದ್ದ ಕಡ್ಡಿ ಬಿಡುತ್ತದೆ ಅಷ್ಟೇ. ಆ ಕಡ್ಡಿಗಳನ್ನು ಬೇಲಿಯ ಉದ್ದಕ್ಕೂ ಬಗ್ಗಿಸಿ ಗೂಟಕ್ಕೆ ಕಟ್ಟಿದರೆ ಹೂ ಚೆನ್ನಾಗಿ ಬರುತ್ತದೆ. ಗೋಡೆ ಏರಿಸುವ ಆಸೆ ಬೇಡ.

ಕುಂಡದಲ್ಲಿ ಆಗುತ್ತಾ? ಆಗುತ್ತದೆ, ನಾನಾದರೆ ಮಾಡುವುದಿಲ್ಲ.

ಎಷ್ಟು ವರ್ಷ ಕಾಯಬೇಕು ಅನ್ನುವುದಕ್ಕೆ ಉತ್ತರ: ಮೊದಲ ವರ್ಷ ಬೇರು, ಎರಡನೆಯ ವರ್ಷ ಬಳ್ಳಿ, ಮೂರನೆಯ ವರ್ಷ ಹೂ. ಮೊದಲ ಎರಡು ವರ್ಷ ಕತ್ತರಿಯನ್ನು ಅಟ್ಟದಲ್ಲಿ ಇಡಿ.

ಗಿಡ ಎಲ್ಲಿ ಸಿಗುತ್ತದೆ ಅನ್ನುವುದೇ ಕಷ್ಟದ ಪ್ರಶ್ನೆ. ಹೆಚ್ಚಿನ ನರ್ಸರಿಗಳಲ್ಲಿ ಚೀಟಿಯ ಮೇಲೆ 'ಕ್ಲೈಂಬಿಂಗ್ ರೋಸ್' ಅಂತ ಇರುತ್ತದೆ, ತಳಿಯ ಹೆಸರು ಇರುವುದಿಲ್ಲ. ಹೂ ಬಿಟ್ಟಿರುವಾಗಲೇ ಹೋಗಿ, ಮೂಸಿ ನೋಡಿ ತನ್ನಿ. ಅದಕ್ಕಿಂತ ಒಳ್ಳೆಯದು, ಪರಿಚಯದವರ ಮನೆಯ ಹಳೆಯ ಗಿಡದಿಂದ ಕಡ್ಡಿ ತರುವುದು. ಮಳೆಗಾಲ ಗುಲಾಬಿಗೆ ಉಪಯೋಗಕ್ಕೆ ಬರುವುದು ಇಲ್ಲಿ. ಆರಿದ್ರ ಮಳೆಯಲ್ಲಿ ಪೆನ್ಸಿಲ್ ದಪ್ಪದ, ಹೂ ಬಿಟ್ಟು ಮುಗಿದ ಕಡ್ಡಿ ತೆಗೆದುಕೊಳ್ಳಿ. ನಾಲ್ಕು ಕಣ್ಣು ಇರಲಿ. ಕೆಳಗೆ ಕಣ್ಣಿನ ಬುಡಕ್ಕೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಅರ್ಧ ಮರಳು ಅರ್ಧ ಮಣ್ಣಿನ ಚೀಲದಲ್ಲಿ ಊರಿ. ಸೂರಿನ ಕೆಳಗೆ, ಎರಚಲು ಬೀಳದ ಕಡೆ ಇಡಿ. ಆ ತೇವದ ಗಾಳಿಯಲ್ಲಿ ಬೇರು ಬರುವುದು ಸುಲಭ. ಎಳೆದು ನೋಡಬೇಡಿ, ಸೆಪ್ಟೆಂಬರ್‌ವರೆಗೆ ಬಿಡಿ.

ನಮ್ಮ ಮನೆಯಿಂದ ಬೇಕಾದವರು ಜೂನ್ ಕೊನೆಗೆ ಬನ್ನಿ, ಚೀಲ ನೀವೇ ತನ್ನಿ. ಕಾರಿಯೇರ್ ಬೇಕಾದಷ್ಟು ಇದೆ. ಲಮಾರ್ಕ್ ಇನ್ನೂ ಸಣ್ಣದು, ಅದನ್ನು ಮಾತ್ರ ಈ ವರ್ಷ ಕೇಳಬೇಡಿ.